ಗ್ಯಾರೇಜಿನ ಬಾಗಿಲು ಮುನಿದಾಗ

ಮಗನ ಮನೆಗೋ ಮಗಳ ಮನೆಗೋ ಎಂದು ಆರು ತಿಂಗಳಿಗೆ ಅಮೆರಿಕಕ್ಕೆ ಹೊರಡುವ ಅಜ್ಜ-ಅಜ್ಜಿಯರು ಚಟ್ನಿಪುಡಿ, ಸಾರಿನ ಪುಡಿ, ಹುರಿಗಾಳಿನ ಪೊಟ್ಟಣಗಳನ್ನು ತೂಕ ಹಾಕಿ ಹಾಕಿ ಸೂಟ್‌ಕೇಸಿಗೆ ತುಂಬುತ್ತಾರೆ. ಮಾತ್ರೆ ಎಷ್ಟು, ಸ್ವೆಟರ್ ಎಷ್ಟು ಎಂಬ ಪಟ್ಟಿಯೂ ಇರುತ್ತದೆ. ಅಲ್ಲಿಯ ಮನೆಯ ಗ್ಯಾರೇಜಿನ ಬಾಗಿಲಿನ ವಿಷಯ ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ಮುಂಬಾಗಿಲು ಹೆಸರಿಗೆ ಮಾತ್ರ. ಹಬ್ಬಕ್ಕೆ, ನೆಂಟರಿಗೆ, ಪಾರ್ಸೆಲ್ ತರುವವನಿಗೆ. ಮನೆಯವರು ಹೋಗುವುದು ಬರುವುದೆಲ್ಲ ಗ್ಯಾರೇಜಿನಿಂದಲೇ. ಅದು ಕೆಟ್ಟು ನಿಂತರೆ ಕಾರೂ ಒಳಗೆ, ನಾವೂ ಒಳಗೆ.

ಚಳಿಗಾಲದಲ್ಲಿ ಮಗಳ ಮನೆಗೆ ಹೊರಟಿರುವ ಓದುಗರೊಬ್ಬರು ಈ ಬಗ್ಗೆ ಬರೆಯಿರಿ ಎಂದು ಕೇಳಿದ್ದಾರೆ. ಅವರ ಮೊಮ್ಮಗನಿಗೆ ಆ ಬಾಗಿಲಿನ ಕೆಳಗೆ ನುಸುಳಿ ಓಡುವುದು ಒಂದು ಆಟವಂತೆ. ಆ ಆಟದ ವಿಷಯಕ್ಕೆ ಆಮೇಲೆ ಬರುತ್ತೇನೆ, ಬರಲೇಬೇಕು. ಮೊದಲು ಬಾಗಿಲು ಎಂದರೆ ಏನು ನೋಡೋಣ.

ಮಕ್ಕಳೇ, ನಿಮ್ಮ ಬೀದಿಯ ಅಂಗಡಿಯ ರೋಲಿಂಗ್ ಷಟರ್ ನೋಡಿದ್ದೀರಿ. ಅದು ಮೇಲೆ ಹೋಗುತ್ತಾ ಸುರುಳಿ ಸುತ್ತಿಕೊಳ್ಳುತ್ತದೆ. ಅಮೆರಿಕದ ಗ್ಯಾರೇಜಿನ ಬಾಗಿಲು ಹಾಗಲ್ಲ. ನಾಲ್ಕೈದು ಅಡ್ಡ ಹಲಗೆಗಳನ್ನು ಕೀಲು ಹಾಕಿ ಜೋಡಿಸಿರುತ್ತಾರೆ. ಎರಡು ಪಕ್ಕದಲ್ಲೂ ಸಣ್ಣ ಚಕ್ರಗಳು. ಆ ಚಕ್ರಗಳು ಕಬ್ಬಿಣದ ಹಳಿಯಲ್ಲಿ ಉರುಳುತ್ತಾ ಬಾಗಿಲು ಮೇಲೇರಿ, ತಿರುವಿನಲ್ಲಿ ಬಾಗಿ, ಛಾವಣಿಯ ಕೆಳಗೆ ಮಂಚದಂತೆ ಅಡ್ಡಲಾಗಿ ಮಲಗಿಬಿಡುತ್ತದೆ. ಸಿ. ಜಿ. ಜಾನ್ಸನ್ ಎಂಬಾತ 1921ರಲ್ಲಿ ಇಂಥ ಮೇಲೇಳುವ ಬಾಗಿಲನ್ನು ಮಾಡಿದ. ಐದು ವರ್ಷ ಬಿಟ್ಟು 1926ರಲ್ಲಿ ಅದಕ್ಕೆ ವಿದ್ಯುತ್ ಮೋಟಾರನ್ನೂ ಕೂಡಿಸಿದ. ಹೆಚ್ಚುಕಮ್ಮಿ ನೂರು ವರ್ಷದ ಹಳೆಯ ಬುದ್ಧಿವಂತಿಕೆ ಅದು.

ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು 16 ಅಡಿ ಅಗಲ, 7 ಅಡಿ ಎತ್ತರ ಇರುವುದು ಸಾಮಾನ್ಯ. ತೂಕ 70 ಕಿಲೋ ಮೀರುತ್ತದೆ, ಮರದ್ದಾದರೆ ಇನ್ನೂ ಭಾರ. ಅದನ್ನು ಎತ್ತುವ ಮೋಟಾರೋ, ಅರ್ಧ ಹಾರ್ಸ್‌ಪವರಿನದು. ನಮ್ಮ ಮನೆಯ ನೀರಿನ ಪಂಪಿನಷ್ಟೇ. ಅಷ್ಟು ಸಣ್ಣದು ಅಷ್ಟು ದೊಡ್ಡದನ್ನು ಎತ್ತುವುದು ಹೇಗೆ?

ಅದು ಎತ್ತುವುದೇ ಇಲ್ಲ! ನಮ್ಮ ಹಳ್ಳಿಗಳಲ್ಲಿ ಹಿಂದೆ ಬಾವಿಯಿಂದ ನೀರೆತ್ತಲು ಏತ ಇತ್ತು. ಉದ್ದನೆಯ ಮರದ ಒಂದು ತುದಿಗೆ ಕೊಡ, ಇನ್ನೊಂದು ತುದಿಗೆ ಕಲ್ಲು. ಕೊಡದ ಭಾರವನ್ನು ಕಲ್ಲು ಹೊತ್ತುಕೊಳ್ಳುತ್ತಿತ್ತು, ಮನುಷ್ಯ ಮೇಲೆ ಕೆಳಗೆ ಆಡಿಸಿದರೆ ಸಾಕಿತ್ತು. ಗ್ಯಾರೇಜಿನಲ್ಲಿ ಕಲ್ಲಿನ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ. ಬಾಗಿಲಿನ ನೆತ್ತಿಯ ಮೇಲೆ ಗೋಡೆಗೆ ಅಡ್ಡವಾಗಿ ಒಂದು ಸರಳು, ಅದರ ಸುತ್ತ ತೋಳಿನಷ್ಟು ಉದ್ದದ ದಪ್ಪ ಸ್ಪ್ರಿಂಗ್, ಒಂದು ಅಥವಾ ಎರಡು. ಬಾಗಿಲು ಕೆಳಗಿರುವಾಗ ಅದು ಬಿಗಿಯಾಗಿ ತಿರುಚಿಕೊಂಡಿರುತ್ತದೆ. ಬಾಗಿಲು ಏಳುವಾಗ ಬಿಚ್ಚಿಕೊಳ್ಳುತ್ತಾ ಎರಡು ಪಕ್ಕದ ಉಕ್ಕಿನ ಹಗ್ಗಗಳನ್ನು ಎಳೆಯುತ್ತದೆ. ಭಾರವೆಲ್ಲ ಸ್ಪ್ರಿಂಗಿನದು, ಮೋಟಾರು ಬರೀ ತಳ್ಳಿ ಎಳೆಯುವ ಆಳು. ಇದು ತಲೆಯಲ್ಲಿ ಕುಳಿತರೆ ಮುಂದಿನದೆಲ್ಲ ಸುಲಭ.

ಇನ್ನು ಕೆಟ್ಟದ್ದನ್ನು ಹುಡುಕುವ ವಿಷಯ. ನಾನು ಎಂಜಿನಿಯರ್ ಅಲ್ಲ, ಬಿಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಕಂಪ್ಯೂಟರ್ ಬರುವ ಮುಂಚೆ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹಾಗೆಂದು ಹಿರಿಯ ಗುಮಾಸ್ತರು ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ಕೂಡುತ್ತಿರಲಿಲ್ಲ. ಎಷ್ಟು ವ್ಯತ್ಯಾಸ ಬಂದಿದೆ ಎಂದು ಮೊದಲು ಕೇಳುತ್ತಿದ್ದರು. 90 ರೂಪಾಯಿ ಎಂದರೆ, ಅದು 9ರಿಂದ ಭಾಗವಾಗುತ್ತದೆ ಅಲ್ಲವೇ, ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿದ್ದಾರೆ, 540ನ್ನು 450 ಮಾಡಿದ್ದಾರೆ ಎಂದು ಊಹಿಸುತ್ತಿದ್ದರು. ವ್ಯತ್ಯಾಸ 500 ಬಂದು, ದಿನದ ವೋಚರುಗಳಲ್ಲಿ 250ರದೊಂದು ಸಿಕ್ಕಿದರೆ, ಅದು ಡೆಬಿಟ್‌ಗೆ ಹೋಗುವ ಬದಲು ಕ್ರೆಡಿಟ್‌ಗೆ ಹೋಗಿದೆ ಎಂದು ಅನುಮಾನ. ತಪ್ಪೇ ತನ್ನ ವಿಳಾಸ ಹೇಳುತ್ತದೆ ಎನ್ನುತ್ತಿದ್ದರು ಒಬ್ಬರು. (ಮಕ್ಕಳೇ, ಯಾವುದಾದರೂ ಎರಡಂಕಿಯ ಸಂಖ್ಯೆ ತೆಗೆದುಕೊಳ್ಳಿ, ತಿರುಗಿಸಿ ಬರೆಯಿರಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ 9ರಿಂದ ಭಾಗವಾಗದಿದ್ದರೆ ನನಗೆ ಪತ್ರ ಹಾಕಿ.)

ಬಾಗಿಲಿಗೂ ಇದೇ ಉಪಾಯ. ಕೆಟ್ಟಿದೆ ಎಂದು ಕೂಗುವ ಬದಲು, ಹೇಗೆ ಕೆಟ್ಟಿದೆ ಎಂದು ನೋಡಬೇಕು. ಏನೂ ಆಗುತ್ತಿಲ್ಲವೇ? ತೆರೆಯುತ್ತದೆ, ಮುಚ್ಚುತ್ತಿಲ್ಲವೇ? ರಿಮೋಟಿಗೆ ಬಗ್ಗುತ್ತಿಲ್ಲ, ಗೋಡೆಯ ಗುಂಡಿಗೆ ಬಗ್ಗುತ್ತದೆಯೇ? ಮೋಟಾರು ಗೊರಗೊರ ಎನ್ನುತ್ತದೆ, ಬಾಗಿಲು ಅಲುಗುತ್ತಿಲ್ಲವೇ? ಒಂದೊಂದಕ್ಕೂ ಒಂದೊಂದು ವಿಳಾಸ.

ಏನೂ ಆಗದ ಬಾಗಿಲಿನ ಕತೆ ನಮ್ಮ ಮಗನ ಮನೆಯಲ್ಲೇ ನಡೆದದ್ದು. ನ್ಯೂಜೆರ್ಸಿ, ದೀಪಾವಳಿ ಮುಗಿದ ವಾರದ ಶನಿವಾರ. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಸಂಜೆ ಕನ್ನಡ ಕೂಟದ ಕಾರ್ಯಕ್ರಮ, ಮೊಮ್ಮಗಳದು ಅದರಲ್ಲಿ ಕೋಲಾಟ. ಎಂಟು ಮಕ್ಕಳ ಕೋಲಾಟ ಅದು, ಒಬ್ಬಳು ಹೋಗದಿದ್ದರೆ ಜೋಡಿ ತಪ್ಪಿ ಉಳಿದ ಏಳು ಮಕ್ಕಳ ಆಟವೂ ಕೆಡುತ್ತದೆ. ಹೊರಡಲು ಮುಕ್ಕಾಲು ಗಂಟೆ ಇರುವಾಗ ಸೊಸೆ ಹೂವಿನ ಬುಟ್ಟಿ ಕಾರಿಗೆ ಇಡಲು ಹೋಗಿ ಗುಂಡಿ ಒತ್ತಿದಳು. ಬಾಗಿಲು ಮಿಸುಕಲಿಲ್ಲ. ಸದ್ದಿಲ್ಲ, ದೀಪವಿಲ್ಲ.

"ಮಾವ, ನೀವು ಏಣಿ ಗೀಣಿ ಹತ್ತಬೇಡಿ, ನಾನು ಪಕ್ಕದ ಮನೆಯವರನ್ನು ಕರೀತೀನಿ" ಎಂದಳು. ಏಣಿ ಹತ್ತುವ ವಯಸ್ಸು ನನ್ನದಲ್ಲ ನಿಜ. ನೋಡಲು ಏಣಿ ಬೇಕಿರಲಿಲ್ಲ. ರಿಮೋಟಿಗೂ ಇಲ್ಲ, ಗೋಡೆಯ ಗುಂಡಿಗೂ ಇಲ್ಲ ಅಂದರೆ ತೊಂದರೆ ರಿಮೋಟಿನ ಬ್ಯಾಟರಿಯದಲ್ಲ. ಮೋಟಾರಿನ ಸದ್ದೇ ಇಲ್ಲ ಅಂದರೆ ಸ್ಪ್ರಿಂಗಿನದೂ ಅಲ್ಲ. ಗೋಡೆಯ ಗುಂಡಿಯೊಳಗೆ ಸದಾ ಉರಿಯುವ ಪುಟ್ಟ ದೀಪವೂ ಆರಿತ್ತು. ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಮನೆಯೊಳಗೆ ಕರೆಂಟಿದೆ. ಮೇಜಿನ ದೀಪ ತಂದು ಗ್ಯಾರೇಜಿನ ಗೋಡೆಯ ಸಾಕೆಟ್ಟಿಗೆ ಹಾಕಿದೆವು, ಉರಿಯಲಿಲ್ಲ. ಮೇನ್ ಬೋರ್ಡಿನ ಸ್ವಿಚ್ಚುಗಳನ್ನು ನೋಡಿದೆವು, ಎಲ್ಲ ಸಾಲಾಗಿ ಸರಿಯಾಗಿಯೇ ನಿಂತಿದ್ದವು.

ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳ ಕೂಗು. "ಅಮ್ಮಾ, ಬಾತ್‌ರೂಮಲ್ಲಿ ಹೇರ್ ಡ್ರೈಯರ್ ಕೆಲಸ ಮಾಡ್ತಿಲ್ಲ!"

"ಈಗ ಅದೊಂದು ಬಾಕಿ ಇತ್ತು" ಎಂದಳು ನಮ್ಮಾಕೆ. ನನಗೆ ಮಾತ್ರ ಆ ಕೂಗು ಕೇಳಿ ಸಮಾಧಾನವಾಯಿತು. ಒಂದೇ ದಿನ ಎರಡು ಖಾತೆಯಲ್ಲಿ ವ್ಯತ್ಯಾಸ ಬಂದರೆ ಎರಡಕ್ಕೂ ಒಂದೇ ವೋಚರ್ ಕಾರಣವಾಗಿರುವುದು ಹೆಚ್ಚು.

ಇಲ್ಲಿ ಒಂದು ಸಣ್ಣ ಪಾಠ ಹೇಳಬೇಕು. ಅಮೆರಿಕದ ಬಾತ್‌ರೂಮಿನ ಸಾಕೆಟ್ಟಿನಲ್ಲಿ ಎರಡು ಪುಟ್ಟ ಗುಂಡಿ ಇರುತ್ತವೆ, ಒಂದು ಟೆಸ್ಟ್, ಒಂದು ರೀಸೆಟ್. ಇದರ ಹೆಸರು ಜಿಎಫ್‌ಸಿಐ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜೀಲ್ 1961ರಲ್ಲಿ ಕಂಡುಹಿಡಿದದ್ದು. ಇದು ಮಾಡುವುದು ಅಪ್ಪಟ ಗುಮಾಸ್ತನ ಕೆಲಸ. ಒಂದು ತಂತಿಯಲ್ಲಿ ಎಷ್ಟು ಕರೆಂಟು ಹೋಯಿತು, ಇನ್ನೊಂದರಲ್ಲಿ ಎಷ್ಟು ಹಿಂದೆ ಬಂತು, ಸದಾ ಟ್ಯಾಲಿ ನೋಡುತ್ತಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ ನಡುವೆ ಎಲ್ಲೋ ಸೋರಿದೆ ಎಂದರ್ಥ. ಅದು ಒದ್ದೆ ನೆಲದ ಮೂಲಕವೂ ಇರಬಹುದು, ಯಾರದೋ ಮೈಮೂಲಕವೂ ಇರಬಹುದು. ಸುಮಾರು 5 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿದುಬಿಡುತ್ತದೆ. 5 ಮಿಲಿಆಂಪಿಯರ್ ಎಂದರೆ ಎಷ್ಟು? ನಮ್ಮ ಊರಿನ ಹಳೆಯ 100 ವಾಟ್ ಬಲ್ಬು ಎಳೆಯುವುದು ಸುಮಾರು 430. ನಮ್ಮ ಮನೆಗಳ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಅದೂ ಇದೇ ಜಾತಿ, ಸಾಮಾನ್ಯವಾಗಿ 30 ಮಿಲಿಆಂಪಿಯರಿಗೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಅದು ಇದೆಯೇ ಎಂದು ಈ ಭಾನುವಾರ ಅಪ್ಪನನ್ನೋ ಅಮ್ಮನನ್ನೋ ಕೇಳಿ ನೋಡಿ.

ಹಳೆಯ ಅಮೆರಿಕನ್ ಮನೆಗಳಲ್ಲಿ ಕಟ್ಟಿದವರು ಉಳಿತಾಯಕ್ಕಾಗಿ ಬಾತ್‌ರೂಮು, ಗ್ಯಾರೇಜು, ಹೊರಗಿನ ಅಂಗಳ, ಮೂರೂ ಕಡೆಯ ಸಾಕೆಟ್ಟುಗಳನ್ನು ಒಂದೇ ಜಿಎಫ್‌ಸಿಐನ ಹಿಂದೆ ಕಟ್ಟಿರುವುದುಂಟು. ಮಗನ ಮನೆ ಅಂಥದ್ದು. ಬಾತ್‌ರೂಮಿಗೆ ಹೋಗಿ ಸೊಸೆ ರೀಸೆಟ್ ಒತ್ತಿದಳು. ಟಕ್ ಎಂದು ಒಳಹೋಯಿತು, ಟಕ್ ಎಂದೇ ಹೊರಬಂತು. ಹಾಗೆ ಹೊರಬಂದದ್ದು ಕೆಟ್ಟದ್ದಕ್ಕಲ್ಲ, ಸೋರುವುದು ಇನ್ನೂ ನಿಂತಿಲ್ಲ ಎಂದು ಅದು ಹೇಳುತ್ತಿತ್ತು. ಹಾಗಾದರೆ ಸೋರುವುದೆಲ್ಲಿ? ಹೊರಗೆ ಬೆಳಗಿನಿಂದ ಜಿಟಿಜಿಟಿ ಮಳೆ. ಅಂಗಳದ ಗಿಡಗಳಿಗೆ ದೀಪಾವಳಿಯ ಸೀರಿಯಲ್ ಸೆಟ್ ಸುತ್ತಿತ್ತು. ಅದರ ಒಂದು ಜೋಡಣೆ ನೆಲದ ಮೇಲಿನ ನೀರಿನಲ್ಲಿ ಮುಳುಗಿ ಕುಳಿತಿತ್ತು. ಕರೆಂಟು ಕಡಿದೇ ಇದ್ದುದರಿಂದ ಸೊಸೆ ಕೈ ಒರೆಸಿಕೊಂಡು ಆ ಪ್ಲಗ್ ಕಿತ್ತಳು. ಮತ್ತೆ ರೀಸೆಟ್. ಈ ಸಲ ಟಕ್ ಎಂದು ಒಳಗೇ ನಿಂತಿತು. ಡ್ರೈಯರ್ ಭರ್ ಎಂದಿತು, ಗ್ಯಾರೇಜಿನಲ್ಲಿ ಗುಂಡಿಯ ದೀಪ ಹೊತ್ತಿತು. ಕೋಲಾಟಕ್ಕೆ ಹತ್ತು ನಿಮಿಷ ಮುಂಚೆಯೇ ತಲುಪಿದೆವು. ಆ ಸೀರಿಯಲ್ ಸೆಟ್ಟನ್ನು ಮತ್ತೆ ಹಾಕಬಾರದೆಂದು ನಮ್ಮಾಕೆ ಅದನ್ನು ಕಸದ ಡಬ್ಬಿಗೇ ಹಾಕಿಬಿಟ್ಟಳು. ಮೂರು ವರ್ಷ ಬಾಳಿದ್ದ ಸೆಟ್ಟು ಅದು, ಆ ಜೋಡಣೆಯೊಂದನ್ನು ಬದಲಿಸಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹೋಗಲಿ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಗಿಲು ತೆರೆಯದೆ ಒದ್ದಾಡುವಾಗ ಆತುರಕ್ಕೆ ಕಾರನ್ನು ಸ್ಟಾರ್ಟ್ ಮಾಡಿ ಇಟ್ಟುಕೊಳ್ಳುವುದುಂಟು, ಬಾಗಿಲು ತೆರೆದ ಕೂಡಲೇ ಹೊರಡೋಣ ಎಂದು. ಬೇಡವೇ ಬೇಡ. ಮುಚ್ಚಿದ ಗ್ಯಾರೇಜಿನಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯೊಳಗೂ ನುಗ್ಗುತ್ತದೆ. ಬಾಗಿಲು ಪೂರ್ತಿ ಮೇಲೆ ಹೋದ ಮೇಲೆಯೇ ಕೀಲಿ ತಿರುಗಿಸಬೇಕು.

ಕರೆಂಟು ನಿಜವಾಗಿಯೂ ಹೋದರೆ? ಮೋಟಾರಿನ ಹಳಿಯಿಂದ ಕೆಂಪು ಹಿಡಿಯ ಒಂದು ದಾರ ಇಳಿಬಿದ್ದಿರುತ್ತದೆ. ಅದನ್ನು ಎಳೆದರೆ ಬಾಗಿಲಿಗೂ ಮೋಟಾರಿಗೂ ಸಂಬಂಧ ಕಡಿಯುತ್ತದೆ. ಆಮೇಲೆ ದೊಡ್ಡವರು ಹಿಡಿಯಿಂದ ಹಿಡಿದು ಕೈಯಲ್ಲೇ ಎತ್ತಬಹುದು. ಸ್ಪ್ರಿಂಗ್ ಸರಿಯಿದ್ದರೆ ಅಷ್ಟು ದೊಡ್ಡ ಬಾಗಿಲು ಏತದ ಕೊಡದಂತೆ ಹಗುರವಾಗಿ ಏಳುತ್ತದೆ. ಹಲಗೆಗಳ ನಡುವಿನ ಸಂದಿಗೆ ಮಾತ್ರ ಬೆರಳು ಹಾಕಬಾರದು, ಬಾಗುವಾಗ ಆ ಸಂದಿ ಅಡಕತ್ತರಿಯಂತೆ ಮುಚ್ಚುತ್ತದೆ. ಮತ್ತು ದಾರ ಎಳೆಯುವುದು ಬಾಗಿಲು ಪೂರ್ತಿ ಕೆಳಗಿರುವಾಗ ಮಾತ್ರ. ಮೇಲಿರುವಾಗ ಎಳೆದು, ಆ ಹೊತ್ತಿಗೆ ಸ್ಪ್ರಿಂಗ್ ಮುರಿದಿದ್ದರೆ, ಇಡೀ ಭಾರ ಒಂದೇ ಏಟಿಗೆ ಕೆಳಗೆ ಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2017ರ ಕಾಡ್ಗಿಚ್ಚಿನ ಹೊತ್ತಿನಲ್ಲಿ ಕರೆಂಟು ಹೋಗಿ, ಗ್ಯಾರೇಜಿನ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಬಿದ್ದರು. ಪ್ರಾಣಹಾನಿಯೂ ಆಯಿತು. ಆಮೇಲೆ ಆ ರಾಜ್ಯ, 2019ರ ಜುಲೈ 1ರಿಂದ ಅಲ್ಲಿ ಮಾರುವ ಹೊಸ ಯಂತ್ರಗಳಿಗೆಲ್ಲ ಬ್ಯಾಟರಿ ಇರಲೇಬೇಕು ಎಂದು ಕಾನೂನು ಮಾಡಿತು. ನಿಮ್ಮ ಮಕ್ಕಳ ಮನೆಗೆ ಹೋದ ಮೊದಲ ವಾರದಲ್ಲೇ ಆ ಕೆಂಪು ದಾರ ಎಲ್ಲಿದೆ, ಹೇಗೆ ಎಳೆಯುವುದು ಎಂದು ತೋರಿಸಿಕೊಳ್ಳಿ. ನಮ್ಮ ಎತ್ತರಕ್ಕೆ ಕೈಗೆ ಸಿಗದಿದ್ದರೆ ದಾರವನ್ನು ಇನ್ನಷ್ಟು ಉದ್ದ ಮಾಡಿಸಿ ಎಂದು ಸಂಕೋಚವಿಲ್ಲದೆ ಹೇಳಿ, ಆದರೆ ಕಾರಿಗೆ ಸಿಕ್ಕಿಕೊಳ್ಳುವಷ್ಟು ಉದ್ದ ಬೇಡ.

ರಿಮೋಟಿನ ಕಾಯಿಲೆಗಳು ಸಣ್ಣವು. ಗೋಡೆಯ ಗುಂಡಿಗೆ ಬಾಗಿಲು ಬಗ್ಗುತ್ತದೆ, ರಿಮೋಟಿಗೆ ಇಲ್ಲ ಎಂದರೆ ಮೊದಲು ಬ್ಯಾಟರಿ ಬದಲಿಸಿ. ನಾಣ್ಯದಂಥ ಪುಟ್ಟ ಬ್ಯಾಟರಿ ಅನೇಕ ರಿಮೋಟುಗಳಲ್ಲಿ. ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ, ಚಿಕ್ಕ ಮಗು ನುಂಗಿದರೆ ಗಂಟಲನ್ನೇ ಸುಡುತ್ತದೆ. ಎರಡನೆಯದು, ಗೋಡೆಯ ಗುಂಡಿಯ ಪಕ್ಕದಲ್ಲಿ ಬೀಗದ ಚಿತ್ರವಿರುವ ಇನ್ನೊಂದು ಗುಂಡಿ ಇರಬಹುದು. ಊರಿಗೆ ಹೋಗುವಾಗ ಅದನ್ನು ಒತ್ತಿದರೆ ಎಲ್ಲ ರಿಮೋಟುಗಳಿಗೂ ಬಾಗಿಲು ಕಿವುಡಾಗುತ್ತದೆ. ಊರಿಗೆ ಹೋಗದಿದ್ದರೂ ಅದನ್ನು ಒತ್ತುವವರು ಯಾರೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೂರನೆಯದು ತಮಾಷೆಯದು. ಯಂತ್ರದ ಬಲ್ಬು ಹೋಗಿದೆ ಎಂದು ಅಗ್ಗದ ಎಲ್‌ಇಡಿ ಬಲ್ಬು ಹಾಕುತ್ತಾರೆ. ಅಂಥ ಕೆಲವು ಬಲ್ಬುಗಳು ರೇಡಿಯೊ ಗದ್ದಲ ಎಬ್ಬಿಸಿ ರಿಮೋಟಿನ ಕೂಗು ಯಂತ್ರಕ್ಕೆ ಕೇಳದಂತೆ ಮಾಡುತ್ತವೆ. ಬಲ್ಬು ತೆಗೆದು ನೋಡಿದರೆ ಗೊತ್ತಾಗುತ್ತದೆ. 2004ರಲ್ಲಿ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯ ಸುತ್ತಮುತ್ತ ಇದ್ದಕ್ಕಿದ್ದಂತೆ ಮನೆಮನೆಯ ರಿಮೋಟುಗಳು ಸುಮ್ಮನಾದವು. ಸೇನೆಯವರ ಹೊಸ ರೇಡಿಯೊ ವ್ಯವಸ್ಥೆಯೂ ಈ ರಿಮೋಟುಗಳೂ ಒಂದೇ ಅಲೆಪಟ್ಟಿಯಲ್ಲಿ ಮಾತಾಡುತ್ತಿದ್ದವು, ಅಷ್ಟೇ. ಸೇನೆಯ ಮುಂದೆ ಗ್ಯಾರೇಜಿನ ರಿಮೋಟಿನ ದನಿ ಎಷ್ಟರದು!

ಮೋಟಾರು ತಿರುಗುತ್ತದೆ, ಸರಪಳಿಯೂ ಓಡುತ್ತದೆ, ಬಾಗಿಲು ಮಾತ್ರ ಕದಲದು ಎಂದರೆ ಯಾರೋ ಕೆಂಪು ದಾರ ಎಳೆದಿದ್ದಾರೆ, ಮತ್ತೆ ಕೊಂಡಿ ಕೂಡಿಸಬೇಕು. ಮೋಟಾರು ತಿರುಗುತ್ತದೆ, ಸರಪಳಿ ಓಡುವುದಿಲ್ಲ, ಯಂತ್ರದ ಡಬ್ಬಿಯಿಂದ ಬಿಳಿ ಪುಡಿ ಉದುರಿದೆ ಎಂದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದೆ. ಅದಕ್ಕೆ ಮೆಕ್ಯಾನಿಕ್ಕೇ ಬೇಕು.

ಮೋಟಾರು ಮುಲುಗಿ ಬಾಗಿಲನ್ನು ನಾಲ್ಕು ಬೆರಳು ಎತ್ತಿ ಸುಸ್ತಾಗಿ ನಿಂತರೆ ತಲೆಯೆತ್ತಿ ಸ್ಪ್ರಿಂಗ್ ನೋಡಿ. ಉದ್ದಕ್ಕೂ ಒತ್ತೊತ್ತಾಗಿ ಸುತ್ತಿರಬೇಕಾದ ಸ್ಪ್ರಿಂಗಿನಲ್ಲಿ ಒಂದೆಡೆ ಎರಡು ಅಂಗುಲದ ಸಂದು ಕಾಣಿಸಿದರೆ ಅದು ಮುರಿದಿದೆ. ಹಿಂದಿನ ರಾತ್ರಿ ಗ್ಯಾರೇಜಿನಲ್ಲಿ ಲಕ್ಷ್ಮಿ ಪಟಾಕಿ ಹೊಡೆದಂಥ ಸದ್ದು ಕೇಳಿ, ಏನೋ ಬಿದ್ದಿರಬೇಕು ಎಂದು ಎಲ್ಲರೂ ಮತ್ತೆ ಮಲಗಿರುತ್ತಾರೆ. ಕೊರೆಯುವ ಚಳಿಯಲ್ಲಿ ಉಕ್ಕು ಪೆಡಸಾಗುವುದರಿಂದ ಸವೆದ ಸ್ಪ್ರಿಂಗ್ ಮುರಿಯುವುದು ಆಗಲೇ ಹೆಚ್ಚು. ಮತ್ತೆ ಮತ್ತೆ ಗುಂಡಿ ಒತ್ತಬೇಡಿ, ಮೋಟಾರೂ ಸುಡುತ್ತದೆ. ಕೈಯಲ್ಲಿ ಎತ್ತಲೂ ಹೋಗಬೇಡಿ. ಸ್ಪ್ರಿಂಗಿನ ಬೋಲ್ಟುಗಳನ್ನು ಮನೆಯವರು ಯಾರೂ, ಎಂಜಿನಿಯರ್ ಮಗನೂ ಸೇರಿ, ಸಡಿಲಿಸಬಾರದು. 70 ಕಿಲೋ ಹೊರುವ ಬಲ ಅದರಲ್ಲಿ ತಿರುಚಿ ಕುಳಿತಿರುತ್ತದೆ, ಸ್ಪ್ಯಾನರ್ ಜಾರಿದರೆ ಕೈ ಉಳಿಯುವುದಿಲ್ಲ. ವೀಡಿಯೊ ನೋಡಿಕೊಂಡು ತಾವೇ ಮಾಡುತ್ತೇವೆ ಎನ್ನುವವರಿದ್ದಾರೆ. ಹಣ ಉಳಿಸುವ ವಿಷಯದಲ್ಲಿ ನನಗಿಂತ ಹಟಮಾರಿ ಇನ್ನೊಬ್ಬನಿಲ್ಲ. ನಾನೇ ಹೇಳುತ್ತಿದ್ದೇನೆ, ಇದಕ್ಕೆ ಹಣ ಕೊಟ್ಟುಬಿಡಿ.

ಈಗ ಮುಚ್ಚದ ಬಾಗಿಲು. ನುಸುಳುವ ಆಟ ಬರುವುದೂ ಇಲ್ಲಿಯೇ.

ಬಾಗಿಲಿನ ಎರಡು ಪಕ್ಕದಲ್ಲೂ ನೆಲದಿಂದ 6 ಅಂಗುಲ ಮೀರದ ಎತ್ತರದಲ್ಲಿ ಎದುರುಬದುರಾಗಿ ಎರಡು ಪುಟ್ಟ ಕಣ್ಣುಗಳಿರುತ್ತವೆ. ಒಂದು ಕಣ್ಣು ಕಾಣದ ಅತಿಗೆಂಪು ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. (ಟಿವಿ ರಿಮೋಟಿನಿಂದ ಬರುವುದೂ ಇದೇ ಬೆಳಕು. ರಿಮೋಟನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ್ದು ಅನೇಕ ಮೊಬೈಲುಗಳ ಪರದೆಯಲ್ಲಿ ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ.) ಬಾಗಿಲು ಇಳಿಯುವಾಗ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಅದು ನಿಂತು ಮತ್ತೆ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಇಂಥ ಬಾಗಿಲುಗಳ ಕೆಳಗೆ ಸಿಕ್ಕಿ ಮಕ್ಕಳು ಜೀವ ಕಳೆದುಕೊಂಡ ಮೇಲೆ ಸರ್ಕಾರ ಎಚ್ಚೆತ್ತು, 1993ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆಲ್ಲ ಈ ಕಣ್ಣು ಅಥವಾ ಅಂಥದೇ ರಕ್ಷಣೆ ಇರಲೇಬೇಕು ಎಂದು ಕಡ್ಡಾಯ ಮಾಡಿತು.

ಆದ್ದರಿಂದ ತೆರೆಯುವ ಬಾಗಿಲು ಮುಚ್ಚಲು ಮಾತ್ರ ಒಪ್ಪದಿದ್ದರೆ, ಯಂತ್ರದ ದೀಪ ಮಿಟಮಿಟ ಮಿನುಗಿದರೆ, ಮೊದಲು ನೋಡಬೇಕಾದದ್ದು ಈ ಕಣ್ಣುಗಳನ್ನು. ಜೇಡ ಬಲೆ ಕಟ್ಟಿರುತ್ತದೆ. ಒಣಗಿದ ಎಲೆ ಬಂದು ನಿಂತಿರುತ್ತದೆ. ಪೊರಕೆ ಬಿದ್ದಿರುತ್ತದೆ. ಸೈಕಲ್ ತಗುಲಿ ಒಂದು ಕಣ್ಣು ಓರೆಯಾಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಎದುರು ಕಣ್ಣಿಗೆ ನೇರವಾಗುವಂತೆ ಮೆಲ್ಲಗೆ ತಿರುಗಿಸಿದರೆ ಎರಡರ ಪುಟ್ಟ ದೀಪಗಳೂ ಮಿನುಗದೆ ನಿಲ್ಲುತ್ತವೆ. ಇದು ಅಜ್ಜ-ಮೊಮ್ಮಕ್ಕಳು ಸೇರಿ ಮಾಡಬಹುದಾದ ಕೆಲಸ.

ಮಗನ ಬೀದಿಯಲ್ಲಿ ಒಂದು ವಯಸ್ಸಾದ ಗುಜರಾತಿ ದಂಪತಿ ಇದ್ದರು. ಅವರ ಬಾಗಿಲು ಬೆಳಿಗ್ಗೆ ಸರಿ, ರಾತ್ರಿ ಸರಿ, ನವೆಂಬರಿನ ಸಂಜೆ ನಾಲ್ಕರ ಹೊತ್ತಿಗೆ ಮಾತ್ರ ಮುಚ್ಚುತ್ತಿರಲಿಲ್ಲ. ಅದೂ ಮೋಡವಿಲ್ಲದ ದಿನ. ಮೆಕ್ಯಾನಿಕ್ ಎರಡು ಸಲ ಬೆಳಿಗ್ಗೆ ಬಂದು, ಎಲ್ಲ ಸರಿಯಿದೆ ಎಂದು ಫೀಸು ತೆಗೆದುಕೊಂಡು ಹೋಗಿದ್ದ. ಮನೆ ದಕ್ಷಿಣಕ್ಕೆ ಮುಖ. ಚಳಿಗಾಲದ ಇಳಿಹೊತ್ತಿನ ಸೂರ್ಯ ನೈಋತ್ಯದಲ್ಲಿ ತಗ್ಗಿ, ಓರೆಯಾಗಿ ಒಳಗೆ ಬಂದು, ಪೂರ್ವದ ಪಕ್ಕದಲ್ಲಿದ್ದ ಹಿಡಿಯುವ ಕಣ್ಣಿಗೇ ನೇರ ಬೀಳುತ್ತಿದ್ದ. ಸೂರ್ಯನ ಬೆಳಕಿನಲ್ಲೂ ಅತಿಗೆಂಪು ಇದೆಯಲ್ಲ, ಆ ಪ್ರಖರತೆಯಲ್ಲಿ ಪಾಪದ ಕಣ್ಣಿಗೆ ತನ್ನ ಜೊತೆಗಾರನ ಕಿರಣ ಕಾಣುತ್ತಿರಲಿಲ್ಲ. ಅವರು ಹೊರಗೆ ನಿಂತು ಕಿರಣಕ್ಕೆ ಅಡ್ಡ ಬಾರದಂತೆ ಆ ಕಣ್ಣಿಗೆ ನೆರಳು ಮಾಡಿದರು, ಅವರಾಕೆ ಒಳಗೆ ಗುಂಡಿ ಒತ್ತಿದರು, ಬಾಗಿಲು ಇಳಿಯತೊಡಗಿತು. ಪೇಪರ್ ರೋಲಿನ ನಡುವಿನ ರಟ್ಟಿನ ಕೊಳವೆಯನ್ನು ಎರಡು ಅಂಗುಲ ಕತ್ತರಿಸಿ ಕಣ್ಣಿಗೆ ಟೋಪಿಯಂತೆ ಅಂಟಿಸಿದ ಮೇಲೆ ಆ ತಂಟೆ ಮುಗಿಯಿತು. ಖರ್ಚು ಸೊನ್ನೆ.

ಕೆಲವರು ಈ ಕಣ್ಣುಗಳ ಕಾಟವೇ ಬೇಡವೆಂದು ಎರಡನ್ನೂ ಕಿತ್ತು, ಮೇಲೆ ಯಂತ್ರದ ಹತ್ತಿರ ಒಂದಕ್ಕೊಂದು ಮುಖ ಮಾಡಿ ಕಟ್ಟಿಬಿಡುತ್ತಾರೆ. ಬಾಗಿಲು ತಕರಾರಿಲ್ಲದೆ ಮುಚ್ಚುತ್ತದೆ, ನಿಜ. ಕೆಳಗೆ ಅಂಬೆಗಾಲಿಡುವ ಮಗುವಿದ್ದರೂ ಮುಚ್ಚಲು ಹೊರಡುತ್ತದೆ. ನೀವು ಹೋದ ಮನೆಯಲ್ಲಿ ಹಾಗೆ ಕಟ್ಟಿದ್ದು ಕಂಡರೆ, ಮಗ ಅಥವಾ ಅಳಿಯ ಬೇಸರ ಮಾಡಿಕೊಂಡರೂ ಸರಿ, ಕೆಳಗೆ ಹಾಕಿಸುವವರೆಗೂ ಸುಮ್ಮನಿರಬೇಡಿ. ನಾವು ದೊಡ್ಡವರು ಇನ್ನು ಯಾತಕ್ಕಿದ್ದೇವೆ?

ಇನ್ನು ನುಸುಳುವ ಆಟ. ಮಕ್ಕಳೇ, ಕಣ್ಣು ಇದೆಯಲ್ಲ, ನಾವು ಓಡಿದರೆ ಬಾಗಿಲು ಹೇಗೂ ಮೇಲೆ ಹೋಗುತ್ತದೆ ಎಂದು ನೀವು ವಾದ ಮಾಡಬಹುದು. ಕಣ್ಣಿನ ಕಿರಣ ಒಂದೇ ಒಂದು ದಾರದಷ್ಟು, ನೆಲದಿಂದ ಗೇಣುದ್ದದ ಒಳಗೆ. ಜಿಗಿದು ದಾಟುವವನ ಕಾಲು ಅದಕ್ಕೆ ತಗಲದೆಯೂ ಹೋಗಬಹುದು. ಕಿರಣ ದಾಟಿದ ಮೇಲೆ ಕಾಲು ಜಾರಿ ಹಿಂದಕ್ಕೆ ಬಿದ್ದವನ ತಲೆ ಕಿರಣದ ಆಚೆ ಇರಬಹುದು. ಹೊರಗೆ ಹಿಮ ಬಿದ್ದಿದ್ದರೆ ಕಣ್ಣಿನ ಮೇಲೆ ಮಂಜು ಕಟ್ಟಿ, ಅಮ್ಮ ಗುಂಡಿಯನ್ನು ಒತ್ತಿ ಹಿಡಿದು ಬಾಗಿಲು ಮುಚ್ಚುತ್ತಿರಬಹುದು. ಹಾಗೆ ಒತ್ತಿ ಹಿಡಿದಾಗ ಬಹುತೇಕ ಯಂತ್ರಗಳು ಕಣ್ಣಿನ ಮಾತು ಕೇಳುವುದಿಲ್ಲ. ಬಾಗಿಲು ಕಣ್ಣೆದುರು ಇರುವಾಗ, ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು ಮಾತ್ರ ದೊಡ್ಡವರು ಹಾಗೆ ಮಾಡಬೇಕು. ಓಟದ ಪಂದ್ಯಕ್ಕೆ ಅಂಗಳವಿದೆ. ಇಳಿಯುತ್ತಿರುವ ಬಾಗಿಲಿನ ಕೆಳಗೆ ಯಾರೂ ಹೋಗಬಾರದು, ತಾತನೂ ಹೋಗಬಾರದು. ಗುಂಡಿಯನ್ನೂ ಅದಕ್ಕಾಗಿಯೇ ಕನಿಷ್ಠ 5 ಅಡಿ ಎತ್ತರದಲ್ಲಿ ಇಡುವುದು.

ಬಾಗಿಲು ಏನಾದರೂ ತಾಗಿದರೆ ಹಿಂದಿರುಗುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷೆ ಮಾಡಬೇಕು. ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ಬಾಗಿಲಿನ ನಡುವೆ ನೆಲದ ಮೇಲೆ ಮಲಗಿಸಿ. ಅಲ್ಲಿಯ ಅಂಗಡಿಯಲ್ಲಿ ಇದನ್ನು 'ಟೂ ಬೈ ಫೋರ್' ಎಂದು ಕೇಳಬೇಕು, ಅಳೆದರೆ ಒಂದೂವರೆಗೆ ಮೂರೂವರೆ ಅಂಗುಲವೇ ಇರುತ್ತದೆ! ಮಲಗಿಸಿ ದೂರ ಬಂದು ಬಾಗಿಲು ಇಳಿಸಿ. ಮರಕ್ಕೆ ತಾಗಿದ ಮೇಲೆ 2 ಸೆಕೆಂಡಿನೊಳಗೆ ಅದು ಮೇಲೆ ಹೊರಡಬೇಕು. ಒತ್ತಿಕೊಂಡೇ ನಿಂತರೆ, ಸರಿಮಾಡಿಸುವವರೆಗೂ ಮಕ್ಕಳಿರುವ ಮನೆಯಲ್ಲಿ ಆ ಬಾಗಿಲನ್ನು ಯಂತ್ರದಿಂದ ಬಿಡಿಸಿ ಕೈಯಲ್ಲೇ ಬಳಸುವುದು ಲೇಸು. ಮಾಡಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಕೆಲಸ ಮೊಮ್ಮಕ್ಕಳಿಗೆ ವಹಿಸಿ. ಬೆಂಗಳೂರಿನಲ್ಲೂ ಈಗ ಮೋಟಾರಿನ ಗೇಟು, ಷಟರುಗಳು ಬಂದಿವೆ. ನಿಮ್ಮ ಮನೆಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಅಂಥದ್ದಿದ್ದರೆ ಅದಕ್ಕೆ ಕಣ್ಣು ಇದೆಯೇ, ಕೈಯಲ್ಲಿ ಬಿಡಿಸುವ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿಡಿ. ಕೀಲಿ ಸಾಮಾನ್ಯವಾಗಿ ಊರಿಗೆ ಹೋಗಿರುವ ವಾಚ್‌ಮನ್ನಿನ ಜೇಬಿನಲ್ಲಿರುತ್ತದೆ.

ಈ ವಾರದ ಲೆಕ್ಕ: ಸಾಮಾನ್ಯ ಸ್ಪ್ರಿಂಗನ್ನು 10,000 ಸಲ ತೆರೆದು ಮುಚ್ಚುವಷ್ಟು ಬಾಳಿಕೆಗೆ ಮಾಡಿರುತ್ತಾರೆ. ಒಂದು ಮನೆಯಲ್ಲಿ ದಿನಕ್ಕೆ 4 ಸಲ ಬಾಗಿಲು ತೆರೆದು ಮುಚ್ಚುತ್ತಾರೆ. ಪಕ್ಕದ ಮನೆಯ ಹುಡುಗ ಮರೆತ ಚೆಂಡು ತರಲು ದಿನವೂ ಇನ್ನೊಂದು ಸಲ ತೆರೆಸುತ್ತಾನೆ, ಹಾಗಾಗಿ ಅಲ್ಲಿ 5 ಸಲ. ಎರಡೂ ಮನೆಯಲ್ಲಿ ಒಂದೇ ದಿನ ಹೊಸ ಸ್ಪ್ರಿಂಗ್ ಹಾಕಿಸಿದರೆ, ಪಕ್ಕದ ಮನೆಯದು ಎಷ್ಟು ದಿನ ಮುಂಚೆ ತನ್ನ ಬಾಳಿಕೆ ಮುಗಿಸುತ್ತದೆ? ಉತ್ತರ ಮುಂದಿನ ವಾರ.